ಸ್ಟೈಲ್ ಅನ್ನೋದು ಫಿಲ್ಟರ್ ಅಲ್ಲ

ಯಾವ ಫೆಸ್ಟ್ ಬಂದರೂ ನಮ್ಮ ಪೋಸ್ಟರ್‌ನಲ್ಲಿ ಮೇನ್ ಬ್ಲಾಕ್ ಫೋಟೋ ಇರುತ್ತೆ, ಅದರ ಮೇಲೆ ಸುರುಳಿ ಸುರುಳಿಯಾದ ನೀಲಿ ಆಕಾಶ ಇರುತ್ತೆ. ಆಪ್ ತೆಗೆದು ‘ವ್ಯಾನ್ ಗೋ’ ಅಂತ ಇರೋದನ್ನ ಒತ್ತಿದರೆ ಮುಗೀತು. ನೋಡೋಕೆ ಚೆನ್ನಾಗೇ ಇರುತ್ತೆ. ಆದರೆ ಅದನ್ನು ‘ವ್ಯಾನ್ ಗೋ ಸ್ಟೈಲ್’ ಅಂತ ಕರೆಯೋದಕ್ಕೆ ನಮ್ಮ ತಕರಾರಿದೆ.

ಈ ಫಿಲ್ಟರ್‌ಗಳ ಹಿಂದಿನ ಐಡಿಯಾ ನಮ್ಮಲ್ಲಿ ಹಲವರಿಗೆ ಗೊತ್ತಿರುವಂಥದ್ದೇ. 2015ರಲ್ಲಿ ಜರ್ಮನಿಯಲ್ಲಿ ಲಿಯಾನ್ ಗ್ಯಾಟಿಸ್ ಮತ್ತು ಇಬ್ಬರು ಜೊತೆಗಾರರು ಒಂದು ಪೇಪರ್ ಬರೆದರು. ಚಿತ್ರದಲ್ಲಿ ‘ಏನಿದೆ’ ಅನ್ನೋದನ್ನೂ ‘ಹೇಗೆ ಬರೆದಿದೆ’ ಅನ್ನೋದನ್ನೂ ನ್ಯೂರಲ್ ನೆಟ್‌ವರ್ಕ್ ಬೇರೆ ಬೇರೆ ಮಾಡಬಲ್ಲದು ಎಂದು ತೋರಿಸಿದರು. ಟ್ಯೂಬಿಂಗೆನ್ ಊರಿನ ನದಿ ದಡದ ಮನೆಗಳ ಫೋಟೋಗೆ ವ್ಯಾನ್ ಗೋನ ‘ಸ್ಟಾರಿ ನೈಟ್’ ಚಿತ್ರದ ಬಣ್ಣ, ಗೀರು ಎಲ್ಲ ಬಂತು. ಎಂಜಿನಿಯರಿಂಗ್ ಆಗಿ ಅದ್ಭುತ. ಆದರೆ ಆ ಗೀರುಗಳು ಮೊದಲು ಹುಟ್ಟಿದ್ದು ಹೇಗೆ ಅಂತ ನೋಡಿದರೆ, ಅಲ್ಲಿ ‘ಏನು’ ಮತ್ತು ‘ಹೇಗೆ’ ಇಷ್ಟು ಸುಲಭವಾಗಿ ಬೇರೆಯಾಗಲ್ಲ.

1885ರಲ್ಲಿ ವ್ಯಾನ್ ಗೋ ನೆದರ್ಲೆಂಡ್ಸ್‌ನ ನ್ಯೂನೆನ್ ಹಳ್ಳಿಯಲ್ಲಿ ‘ಪೊಟೇಟೊ ಈಟರ್ಸ್’ ಬರೆದ. ಇಡೀ ಚಿತ್ರ ಮಣ್ಣು ಮೆತ್ತಿದ ಆಲೂಗಡ್ಡೆಯ ಬಣ್ಣದ್ದು. ಮುಂದಿನ ವರ್ಷ ಪ್ಯಾರಿಸ್‌ಗೆ ಹೋದ, ಬಣ್ಣ ತಿಳಿಯಾಯ್ತು. 1888ರ ಫೆಬ್ರವರಿಯಲ್ಲಿ ದಕ್ಷಿಣ ಫ್ರಾನ್ಸ್‌ನ ಆರ್ಲ್ ಊರಿಗೆ ಬಂದ. ಅಲ್ಲಿನ ಬಿಸಿಲು, ಗೋಧಿ ಹೊಲ, ಹೂಬಿಟ್ಟ ಹಣ್ಣಿನ ತೋಟಗಳ ಮಧ್ಯೆ ಹದಿನೈದು ತಿಂಗಳೊಳಗೆ ಸುಮಾರು 200 ಪೇಂಟಿಂಗ್ ಮಾಡಿದ. ನಾವು ಇವತ್ತು ಅವನದು ಅಂತ ಗುರುತಿಸೋ ಆ ಉರಿಯೋ ಹಳದಿ ಅಲ್ಲಿಯದೇ.

ಬರೀ ಬಣ್ಣ ಅಲ್ಲ, ಕೈಯೂ ಬದಲಾಯ್ತು. ಆರ್ಲ್ ಸುತ್ತ ಬೆಳೆಯೋ ಜೊಂಡಿನ ಕಡ್ಡಿ ಕತ್ತರಿಸಿ ಲೇಖನಿ ಮಾಡಿಕೊಂಡ. ಅದರಲ್ಲಿ ಇಂಕ್ ಜಾಸ್ತಿ ಹೊತ್ತು ನಿಲ್ಲಲ್ಲ, ಹಾಗಾಗಿ ಚುಕ್ಕಿ, ಚಿಕ್ಕ ಚಿಕ್ಕ ಗೀರು. ಅಂಥದ್ದೇ ಗೀರು ಅವನ ಬ್ರಷ್‌ನಲ್ಲೂ ಕಾಣುತ್ತೆ. ಮಿಸ್ಟ್ರಾಲ್ ಅನ್ನೋ ಗಾಳಿ ಬೀಸಿದಾಗ ಈಸೆಲ್‌ನ ಕಾಲಿನ ಪಕ್ಕ ಕಬ್ಬಿಣದ ಗೂಟ ಹೊಡೆದು ಹಗ್ಗ ಕಟ್ಟಿ ಬರೆಯುತ್ತಿದ್ದ. 1889ರಲ್ಲಿ ಹತ್ತಿರದ ಸೇಂಟ್ ರೆಮಿಯಲ್ಲಿ ಬರೆದ ಒಂದು ಆಲಿವ್ ತೋಟದ ಚಿತ್ರವನ್ನು 2017ರಲ್ಲಿ ಅಮೆರಿಕದ ಮ್ಯೂಸಿಯಂನವರು ಪರೀಕ್ಷಿಸಿದಾಗ, ಬಣ್ಣದೊಳಗೆ ಸಿಕ್ಕಿಕೊಂಡ ಮಿಡತೆಯೊಂದು ಕಂಡಿತು. ಆ ಊರು ಅಕ್ಷರಶಃ ಚಿತ್ರದೊಳಗೆ ಬಂದು ಕೂತಿತ್ತು!

ಹಾಗಾದರೆ ಊರು ಬದಲಾಯಿಸಿದರೆ ಸಾಕಾ? ಸಾಲದು. 1888ರ ಕೊನೆಯಲ್ಲಿ ಗೊಗ್ಯಾನ್ ಕೂಡ ಅದೇ ಆರ್ಲ್‌ನಲ್ಲಿ ಎರಡು ತಿಂಗಳು ಅವನ ಜೊತೆಗಿದ್ದ. ಇಬ್ಬರೂ ಒಂದೇ ಜಾಗಗಳನ್ನ ಬರೆದರು, ಚಿತ್ರಗಳು ಬೇರೆ ಬೇರೆಯೇ ಆದವು. ಜಾಗ ಒಂದು ಪ್ರಶ್ನೆ ಕೇಳುತ್ತೆ, ಅಷ್ಟೆ. ಉತ್ತರವನ್ನ ಅಲ್ಲೇ ಕೂತು, ಬಿಸಿಲು ತಿಂದು, ಕೈಯಿಂದಲೇ ಹುಡುಕಬೇಕು. ಆ ಹುಡುಕಾಟದ ಗುರುತಿಗೇ ಸ್ಟೈಲ್ ಅನ್ನೋದು. ಫಿಲ್ಟರ್ ನಮಗೆ ಕೊಡೋದು ಇನ್ನೊಬ್ಬರ ಉತ್ತರವನ್ನ, ಅದೂ ಬೇರೆ ಊರಿನ ಪ್ರಶ್ನೆಗೆ.

ನಾವೂ ಹೊಸ ಜಾಗಕ್ಕೆ ಬಂದವರೇ. ಕೆಲವರು ಮಲೆನಾಡಿನ ಹಸಿರಿಂದ, ಕೆಲವರು ರಾಯಚೂರಿನ ಬಿಸಿಲಿಂದ. ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಕಾಂಕ್ರೀಟ್ ಬ್ಲಾಕ್‌ನ ನೆರಳಿನ ಬಣ್ಣ ಯಾವುದು? ಕಪ್ಪು ಅಂತ ಥಟ್ಟನೆ ಹೇಳಬೇಡಿ, ಹೋಗಿ ನೋಡಿ. ಮುಂದಿನ ಫೆಸ್ಟ್‌ನ ಪೋಸ್ಟರ್ ಅನ್ನ ಪಾರ್ಕಿಂಗ್ ಹತ್ತಿರವೋ ಕ್ಯಾಂಟೀನ್ ಕಟ್ಟೆ ಮೇಲೋ ಕೂತು ಬರೆಯೋಣ ಅನ್ನೋದು ನಮ್ಮ ಸಲಹೆ. ಗೆರೆ ಸೊಟ್ಟ ಬರಬಹುದು, ಬರಲಿ. ಆ ಸೊಟ್ಟ ಗೆರೆ ನಮ್ಮದೇ ಆಗಿರುತ್ತೆ.