ಗೃಹಕೃತ್ಯ: ಅರಿಷಿಣದ ಕಲೆ

ಮಾಸೂರು, ಹಿರೇಕೆರೂರಿನ ಕಡೆಗೆ ಮದುವೆಗಳ ಕಾಲ ಮುಗಿಯುತ್ತಲೇ ಮನೆಮನೆಯ ಹಿತ್ತಲಿನಲ್ಲಿ ಒಂದೇ ಗೋಳು. ಅರಿಷಿಣ ಹತ್ತಿದ ಬಿಳಿಯ ಧೋತರಕ್ಕೆ ಸಾಬೂನು ಹಚ್ಚಿ ತಿಕ್ಕಿದೊಡನೆ ಹಳದಿಯ ಕಲೆಯು ಹೋಗುವ ಬದಲು ಕೆಂಪಾಗಿ ಕೂಡ್ರುವುದು. ಗೃಹಿಣಿಯು ಗಾಬರಿಗೊಂಡು ಸೋಡಾ ಸುರಿಯುವಳು. ಅದು ಇನ್ನಷ್ಟು ಕೆಂಪಾಗುವುದು. ಇದರಲ್ಲಿ ಬಟ್ಟೆಯ ದೋಷವಿಲ್ಲ, ಸಾಬೂನಿನದೂ ಇಲ್ಲ. ಅರಿಷಿಣಕ್ಕೆ ಬಣ್ಣವನ್ನೀಯುವ ಕರ್ಕ್ಯುಮಿನ್ ಎಂಬ ದ್ರವ್ಯವು ಕ್ಷಾರದೊಡನೆ ಕೂಡಿದಾಗ ಕೆಂಪಾಗುವುದು ಅದರ ಸ್ವಭಾವವೇ ಸರಿ. ಅರಿಷಿಣದ ನೀರಿಗೆ ಸುಣ್ಣವನ್ನು ಬೆರೆಸಿ ಆರತಿಯ ಓಕುಳಿ ಮಾಡುವ ನಮ್ಮ ಸೋದರಿಯರಿಗೆ ಇದನ್ನು ಹೇಳಿಕೊಡಬೇಕೆ? ಧೋತರದ ಮೇಲೆ ಆದುದೂ ಅದೇ ಓಕುಳಿಯು!

ಆದುದರಿಂದ ಕೆಂಪನ್ನು ಕಂಡು ಅಂಜಬಾರದು. ಸಾಬೂನಿನ ಅಂಶವು ಪೂರ್ಣವಾಗಿ ಹೋಗುವವರೆಗೆ ನೀರಿನಲ್ಲಿ ಜಾಲಿಸಿದರೆ ಬಣ್ಣವು ಮರಳಿ ಹಳದಿಗೆ ತಿರುಗುವುದು. ಉಳಿದ ಹಳದಿಗೆ ಬಿಸಿಲೇ ಮದ್ದು. ಕರ್ಕ್ಯುಮಿನ್ ಬೆಳಕನ್ನು ತಾಳಲಾರದು. ಬಟ್ಟೆಯನ್ನು ಒದ್ದೆಯಿದ್ದಂತೆಯೇ ಬಿಸಿಲಿಗೆ ಹರವಿ, ಸಾಲದಿದ್ದರೆ ಮರುದಿನ ಪುನಃ ನೆನೆಸಿ ಹರವಬೇಕು. ಖರ್ಚಿಲ್ಲದ ಈ ಉಪಾಯವನ್ನು ಬಿಟ್ಟು ಪೇಟೆಯ ಪುಡಿಗಳಿಗೆ ಮರುಳಾಗುವುದು ನಮಗೆ ಸರಿದೋರದು.

ಇಳಕಲ್ಲ ಸೀರೆಯ ಮಾತು ಬೇರೆ. ಅದರ ಒಡಲು ಹತ್ತಿಯದಾಗಿದ್ದರೂ ಸೆರಗು ರೇಷ್ಮೆಯದು. ಬ್ಲೀಚಿಂಗ್ ಪುಡಿಯು ರೇಷ್ಮೆಯ ಎಳೆಯನ್ನೇ ಕೆಡಿಸುವುದು. ಸೋಡಾ ಸಹ ಹಿತವಲ್ಲ. ತಣ್ಣೀರು, ಮೃದುವಾದ ಸಾಬೂನು ಸಾಕು. ಬಿಸಿಲಿಗೆ ಸೀರೆಯ ಸ್ವಂತ ಬಣ್ಣವೂ ಮಾಸುವುದರಿಂದ, ಕಲೆಯಿದ್ದಷ್ಟೇ ಭಾಗವನ್ನು ತೆರೆದಿಟ್ಟು ಮಿಕ್ಕುದನ್ನು ದಪ್ಪ ಬಟ್ಟೆಯಿಂದ ಮುಚ್ಚಿ, ಆಗಾಗ ಹೋಗಿ ನೋಡುತ್ತಿರಬೇಕು. ತಾಯಿ ಕೊಟ್ಟ ಸೀರೆಯು ಇಷ್ಟು ಶ್ರಮಕ್ಕೆ ಯೋಗ್ಯವಾದುದೇ.

ನೆರೆಯ ಬ್ಯಾಡಗಿಯ ಮೆಣಸಿನಕಾಯಿಯು ಖಾರಕ್ಕಿಂತ ಬಣ್ಣಕ್ಕೆ ಹೆಸರಾದುದು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆ ಕೆಂಪು ನೀರಿನಲ್ಲಿ ಕರಗದೆ ಎಣ್ಣೆಯಲ್ಲಿ ಕರಗುವುದು. ಸಾರಿನ ಒಗ್ಗರಣೆ ಸಿಡಿದಲ್ಲಿ ಮೊದಲು ಒಣ ಹಿಟ್ಟನ್ನುದುರಿಸಿ ಜಿಡ್ಡನ್ನು ಹೀರಿಸಿ, ಕೊಡವಿ, ತರುವಾಯ ಸಾಬೂನು ಹಚ್ಚಬೇಕು.

ನೆಲದ ಕಲೆಗಳಿಗೆ ಲಿಂಬೆಯ ಹುಳಿಯನ್ನು ಹಚ್ಚುವವರುಂಟು. ಶಹಾಬಾದ ಕಲ್ಲು ಸುಣ್ಣದ ಕಲ್ಲಾದ ಕಾರಣ ಹುಳಿಯು ಅದರ ನುಣುಪನ್ನು ತಿನ್ನುವುದು. ಇದಕ್ಕಿಂತಲೂ ಘೋರವಾದುದೊಂದಿದೆ: ಬಚ್ಚಲನ್ನು ತಿಕ್ಕುವಾಗ ಬ್ಲೀಚಿಂಗ್ ಪುಡಿಯನ್ನೂ ಆಸಿಡನ್ನೂ ಕೂಡಿಸಿದರೆ ಕ್ಲೋರಿನ್ ಎಂಬ ವಿಷವಾಯುವು ಏಳುವುದು. ಘಾಟು ಮೂಗಿಗೆ ಬಡಿದೊಡನೆ ಮಕ್ಕಳನ್ನು ಕರೆದುಕೊಂಡು ಹೊರಗೆ ಬರಬೇಕು. ಉಸಿರು ಕಟ್ಟಿದಂತಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.