ಜಫೂರಾದ ಗ್ಯಾಸ್, ನಮ್ಮ ಹುಡುಗರ ವೀಸಾ

ನಮ್ಮ ಎಷ್ಟೋ ಮನೆಗಳ ಒಲೆ ಉರಿಯುವುದು ದಮಾಮ್, ಜುಬೈಲ್‌ನ ದುಡಿಮೆಯಿಂದ. ಹಾಗಾಗಿ ಸೌದಿ ಅರಾಮ್ಕೋದ ಜಫೂರಾ ಸುದ್ದಿ ನಮಗೆ ದೂರದ್ದಲ್ಲ. ಅಲ್ಲಿ ಮರುಭೂಮಿಯ ಅಡಿ, ಶೇಲ್ ಬಂಡೆಯ ಪದರಗಳಲ್ಲಿ 229 ಲಕ್ಷ ಕೋಟಿ ಘನ ಅಡಿ ಗ್ಯಾಸ್ ಇದೆಯೆಂದು ಕಂಪೆನಿಯ ಅಂದಾಜು. ಭಾರೀ ಒತ್ತಡದಲ್ಲಿ ನೀರು ನುಗ್ಗಿಸಿ ಬಂಡೆ ಸೀಳಬೇಕು. ಸಿಹಿನೀರಿಗೇ ಬರವಿರುವ ನಾಡು, ಸಮುದ್ರದ ನೀರೇ ಗತಿ. 2030ಕ್ಕೆ ದಿನಕ್ಕೆ 200 ಕೋಟಿ ಘನ ಅಡಿ ಗುರಿ. ಕರೆಂಟಿಗಾಗಿ ಅಲ್ಲೇ ಸುಡುತ್ತಿರುವ ಎಣ್ಣೆಯ ಬದಲು ಗ್ಯಾಸ್ ಸುಟ್ಟರೆ, ಎಣ್ಣೆಯನ್ನು ಹೊರಗೆ ಮಾರಬಹುದು. ಜಾಣ ಲೆಕ್ಕವೇ.

ಆದರೆ ಪ್ಲಾಂಟ್, ಪೈಪ್‌ಲೈನ್ ಕಟ್ಟುವಾಗ ಬೇಕಾದಷ್ಟು ಜನ ನಡೆಸುವಾಗ ಬೇಡ. ನಡೆಸುವ ಕೆಲಸದಲ್ಲಿ ಸೌದಿಗಳಿಗೇ ಆದ್ಯತೆ. ಏಜೆಂಟ್ ‘ಅರಾಮ್ಕೋ ವೀಸಾ’ ಅಂದ ಕೂಡಲೇ ಒಡವೆ ಅಡವಿಡುವುದು ಬೇಡ. ಕಾಂಟ್ರಾಕ್ಟ್ ಯಾರದ್ದು, ಎಷ್ಟು ತಿಂಗಳದ್ದು ಅಂತ ಮೊದಲು ಕೇಳೋಣ.