ತಗಡಿನ ಒಳಗಣ ಮರ

ಧರ್ಮಸ್ಥಳದಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಮೋಟಾರುಗಳ ಸಂಗ್ರಹವು ಕನ್ನಡ ನಾಡಿನಲ್ಲೆಲ್ಲ ಹೆಸರಾದದ್ದು. ಅಂಥ ಸಂಗ್ರಹವನ್ನು ನೋಡಹೋದಾಗ ಮಕ್ಕಳು ಹಿತ್ತಾಳೆಯ ದೀಪಗಳಿಗೆ ಬೆರಗಾಗುತ್ತಾರೆ; ಹಿರಿಯರು ಬಣ್ಣದ ಹೊಳಪನ್ನು ಕೊಂಡಾಡುತ್ತಾರೆ. ಆ ತಗಡಿನ ಬೆನ್ನ ಹಿಂದೆ ಏನಿದೆಯೆಂದು ಕೇಳುವವರು ಕಡಿಮೆ.

ಅಲ್ಲಿರುವುದು ಬಹುಮಟ್ಟಿಗೆ ಮರ. ಮೊದಲ ಕಾಲದ ಮೋಟಾರುಗಳ ಮೈಯನ್ನು ಕಟ್ಟಿದವರು ಕುದುರೆ ಸಾರೋಟುಗಳನ್ನು ಮಾಡುತ್ತಿದ್ದ ಬಡಗಿಗಳೇ. ಅಮೆರಿಕೆಯ ಸ್ಟುಡಿಬೇಕರ್ ಮನೆತನದ ಸಂಸ್ಥೆ ೧೮೫೨ರಲ್ಲಿ ಆರಂಭವಾದದ್ದು ಕಮ್ಮಾರಸಾಲೆಯಾಗಿ. ಬಂಡಿಗಳಿಂದ ಹೆಸರು ಗಳಿಸಿ ಆಮೇಲೆ ಅದು ಮೋಟಾರಿಗೆ ಕೈ ಹಾಕಿತು. ಮರದ ಹಂದರವನ್ನು ಕಟ್ಟಿ, ಅದರ ಮೇಲೆ ತೆಳುವಾದ ತಗಡನ್ನು ಹೊದಿಸಿ, ಅಂಚನ್ನು ಮಡಿಸಿ ಸಣ್ಣ ಮೊಳೆಗಳಿಂದ ಬಿಗಿಯುವುದು ಆಗಿನ ಪದ್ಧತಿ. ೧೯೧೪ರಲ್ಲಿ ಡಾಡ್ಜ್ ಸಹೋದರರ ಕಾರಿಗಾಗಿ ಬಡ್ ಕಂಪನಿಯು ಉಕ್ಕಿನ ಮೈಯನ್ನು ಒದಗಿಸಿದರೂ, ಮರವು ದೊಡ್ಡ ಕಾರ್ಖಾನೆಗಳಿಂದ ಹೊರಬೀಳಲು ಇನ್ನೂ ಇಪ್ಪತ್ತು ವರ್ಷಗಳ ಮೇಲೆ ಹಿಡಿಯಿತು. ಇಂಗ್ಲೆಂಡಿನ ಮಾರ್ಗನ್ ಕಂಪನಿಯವರು ಇಂದಿಗೂ ಆಶ್ ಮರದ ಹಂದರವನ್ನು ಬಿಟ್ಟಿಲ್ಲ.

ಮಳೆಯ ನೀರು, ಗೆದ್ದಲು, ಕಾಲ, ಈ ಮೂವರ ಬಾಯಿಗೆ ಮೊದಲು ಬೀಳುವುದು ಆ ಮರವೇ. ಬಾಗಿಲಿನ ಕೆಳಗಣ ಹೊಸ್ತಿಲು, ಕೀಲುಗಳನ್ನು ಹೊತ್ತ ಕಂಬದ ಬುಡ, ಇವು ಮೊದಲು ಕೊಳೆಯುತ್ತವೆ. ಕೊನೆಗೆ ಉಳಿಯುವುದು ಬಸವನಹುಳು ಬಿಟ್ಟುಹೋದ ಚಿಪ್ಪಿನಂಥ ತಗಡು.

ಇಂಥದೊಂದು ಗಾಡಿ ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿಗೆ ಬಂದಿತೆನ್ನೋಣ. ಹಳೆಯ ಚಕ್ಕಡಿಯ ಬಡಿಗನೊಬ್ಬನನ್ನು ಯಜಮಾನರು ಕರೆಸುತ್ತಾರೆ. ಆತ ಸುತ್ತಲೂ ಒಮ್ಮೆ ನೋಡಿ ಕೇಳುವ ಮೊದಲ ಮಾತು ಇದು:

“ಹಳೀ ಕಟಿಗಿ ಎಲ್ಲೈತ್ರಿ, ಸಾಹೇಬ್ರ?”

“ಅದೆಲ್ಲಾ ಲಡ್ಡ ಹಿಡಿದಿತ್ತು ಬಡಿಗೇರ, ನೀರೊಲಿಗೆ ಹಾಕಿಸಿದ್ವಿ.”

ಅನಾಹುತವೆಲ್ಲ ಆ ಒಂದು ಉತ್ತರದಲ್ಲಿದೆ. ಕೈಯಲ್ಲಿ ಹಿಡಿದರೆ ಪುಡಿಯಾಗುವ ಆ ತುಂಡೇ ಗಾಡಿಯ ಏಕೈಕ ದಾಖಲೆಯಾಗಿರಬಹುದು. ಅದರ ಬಾಗು, ಅದರ ಕಚ್ಚು, ತಿರುಪಿನ ತೂತು, ಇವನ್ನು ನೋಡಿ ಹೊಸದನ್ನು ಕೆತ್ತಬಹುದಾಗಿತ್ತು. ತಾಳೆಗರಿ ಮುಕ್ಕಾಗಿದೆಯೆಂದು ಅದನ್ನು ಒಲೆಗೆ ಹಾಕಿದ ಮೇಲೆ ಪಾಠವನ್ನು ನಿರ್ಣಯಿಸಿರೆಂದು ಪಂಡಿತರನ್ನು ಕರೆದಂತೆ ಇದು.

ಆದರೂ ಗ್ರಂಥಪಾತವನ್ನು ತುಂಬುವ ದಾರಿಗಳು ಇಲ್ಲದಿಲ್ಲ. ತಗಡಿನ ಮಡಿಕೆಯಲ್ಲಿ ಮೊಳೆಯ ತೂತುಗಳ ಸಾಲಿದೆ. ಮರದ ಅಂಚು ಎಲ್ಲಿ ಹಾದಿತ್ತೆಂಬುದನ್ನು ಅದು ಹೇಳುತ್ತದೆ. ಒಳಮೈಯ ತುಕ್ಕಿನ ಗೆರೆಯು ಮರ ತಾಗಿದ್ದ ಅಗಲವನ್ನು ತೋರಿಸುತ್ತದೆ. ಕೀಲುಗಳಿದ್ದರೆ ಕಂಬದ ಸ್ಥಾನ ಸಿಕ್ಕಿತು. ಎಡದ ಮರ ಹೋಗಿ ಬಲದ್ದು ಉಳಿದಿದ್ದರೆ ಅದನ್ನೇ ತಿರುವಿ ನಮೂನೆ ತೆಗೆಯಬಹುದು. ಆದರೆ ಇಲ್ಲೊಂದು ಮೋಸವುಂಟು. ಕೈಯಿಂದ ಕಟ್ಟಿದ ಗಾಡಿಯ ಎರಡು ಮಗ್ಗುಲುಗಳು ಮನುಷ್ಯನ ಮುಖದ ಎರಡು ಕೆನ್ನೆಗಳಂತೆ. ಸರಿಸಮವೆಂದು ತೋರುತ್ತವೆ, ಅಳೆದರೆ ಅಲ್ಲ. ಆದ್ದರಿಂದ ಮೊದಲು ದಪ್ಪ ರಟ್ಟಿನಲ್ಲಿ, ಆಮೇಲೆ ಅಗ್ಗದ ಹಲಗೆಯಲ್ಲಿ ಕೊಯ್ದು, ತಗಡಿಗೆ ಹೊಂದಿಸಿ ನೋಡಿ, ಕಡೆಗೆ ಒಳ್ಳೆಯ ಮರಕ್ಕೆ ಗರಗಸ ಇಡಬೇಕು.

ಒಳ್ಳೆಯ ಮರ ಯಾವುದು? ವಿಲಾಯತಿಯವರು ಆಶ್ ಮರವನ್ನು ಮೆಚ್ಚಿದ್ದು ಅದು ಏಟನ್ನು ತಾಳುತ್ತದೆ, ಹಬೆಗೆ ಬಾಗುತ್ತದೆ ಎಂಬುದಕ್ಕೆ. ನಮ್ಮ ಹವೆಗೆ ಸಾಗವಾನಿಯೇ ಲೇಸು. ಅದರಲ್ಲಿ ಎಣ್ಣೆಯ ಅಂಶವಿದೆ. ಗೆದ್ದಲು ಸುಲಭವಾಗಿ ಮುಟ್ಟದು, ತಾಗಿದ ಕಬ್ಬಿಣವನ್ನೂ ಅದು ಕೆಡಿಸದು. ಓಕ್ ಮರವಾದರೋ ತನ್ನ ಒಗರಿನ ಆಮ್ಲದಿಂದ ಮೊಳೆಯನ್ನು ತಿಂದುಬಿಡುತ್ತದೆ. ಮರ ಯಾವುದಾದರೂ ಚೆನ್ನಾಗಿ ಒಣಗಿರಬೇಕು. ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬುದು ಹಳೆಯ ಬಡಗಿಗಳ ಲೆಕ್ಕ. ಅವಸರದವರು ಮರವನ್ನೇ ಬಿಟ್ಟು ಕಬ್ಬಿಣದ ಕೊಳವೆಗಳನ್ನು ಬೆಸೆದುಬಿಡುವುದುಂಟು. ಗಾಡಿ ಓಡುತ್ತದೆ, ನಿಜ. ಆದರೆ ತಗಡಿಗೆ ಮೊಳೆ ಹೊಡೆಯಲು ಎಡೆಯಿಲ್ಲ, ಹಾದಿಯ ಕುಲುಕಿಗೆ ಮರದಂತೆ ತುಸು ಮಣಿಯುವ ಗುಣವೂ ಇಲ್ಲ.

ಕಬ್ಬೂರ ಸುತ್ತಿನ ಕಬ್ಬಿನ ಸೀಮೆಯಲ್ಲಿ ಗುಂಬಕ್ಕೆ ಅರೆಗಳನ್ನು ಕೂಡಿಸಿ, ಕಾಸಿದ ಹಳಿಯನ್ನು ತೊಡಿಸಿ ನೀರೆರೆದು ಬಿಗಿಯುತ್ತಿದ್ದ ಕೈಗಳಿಗೆ ಈಗ ಕೆಲಸ ಕಡಿಮೆ; ಚಕ್ಕಡಿಗೂ ರಬ್ಬರ್ ಗಾಲಿ ಬಂದಿದೆ, ಟ್ರ್ಯಾಕ್ಟರಂತೂ ಬಂದೇ ಬಂದಿದೆ. ಆ ಕೈಗಳಿಗೆ ಮೋಟಾರಿನ ಹಂದರ ಅಪರಿಚಿತವಲ್ಲ. ಆತನಿಗೆ ಹೇಳಿಕೊಡಬೇಕಾದದ್ದು ಒಂದೇ: ಹಂದರವನ್ನು ನೆಲದ ಮೇಲೆ ಕಟ್ಟಿ ಮುಗಿಸಬಾರದು. ಚಾಸಿಯೆಂಬ ಕಬ್ಬಿಣದ ಅಡಿಗಟ್ಟಿನ ಮೇಲೆಯೇ ಕೂರಿಸಿ, ಮಟ್ಟ ನೋಡಿ, ತಿರುಪುಗಳನ್ನು ಸಡಿಲವಾಗಿಟ್ಟು, ಬಾಗಿಲನ್ನು ತೂಗುಹಾಕಿ ಪರೀಕ್ಷಿಸಬೇಕು. ಬಾಗಿಲ ಸುತ್ತಲಿನ ಸಂದು ಮೇಲೆ ಕಿರಿದಾಗಿ ಕೆಳಗೆ ಹಿರಿದಾದರೆ ಕಂಬ ವಾಲಿದೆಯೆಂದು ತಿಳಿಯಬೇಕು. ಅಡಿಗೆ ತೆಳುವಾದ ಬಿಲ್ಲೆಯೊಂದನ್ನು ಕೊಟ್ಟು ಮತ್ತೆ ಮುಚ್ಚಿ ನೋಡುವುದು. ಮತ್ತೆ ತೆಗೆದು ರಂದಾ ಹಿಡಿಯುವುದು. ಈ ಒಂದು ಕೆಲಸಕ್ಕೇ ವಾರಗಳು ಕಳೆದರೆ ಯಜಮಾನರು ಕೂಲಿಯ ಲೆಕ್ಕಕ್ಕೆ ಗೊಣಗಕೂಡದು.

ಬಾಗಿಲು ಒಂದೇ ಬೆರಳಿನ ನೂಕಿಗೆ ‘ಟಕ್’ ಎಂದು ಕೂತ ದಿನ ತಿರುಪುಗಳನ್ನು ಬಿಗಿಯುತ್ತಾರೆ. ಬಡಿಗ ಹೊಸ ತುಂಡಿನ ಒಳಮೈಯಲ್ಲಿ ಉಳಿಯಿಂದ ಆ ವರ್ಷದ ಇಸವಿಯನ್ನು ಕೊರೆಯುತ್ತಾನೆ. ಆಮೇಲೆ ಅದರ ಮೇಲೆ ಮೆತ್ತೆಯ ಬಟ್ಟೆಯನ್ನು ಹೊಡೆಯುತ್ತಾರೆ.